ಉಳಿಸುವುದು, ಬಿಡುವುದು: ಕಾಗದದ ತಂಡದ ರಸಿಕರಿಗೊಂದು ಕೈಪಿಡಿ

ಫ್ಯಾಂಟಸಿ ಕ್ರಿಕೆಟ್‌ನ ಲೀಗ್ ಮಾದರಿಯಲ್ಲಿ ಎಂಟು ಹತ್ತು ಗೆಳೆಯರು ಲೆಕ್ಕದ ಹಣ ಹಂಚಿಕೊಂಡು, ಐಪಿಎಲ್ ಆಟಗಾರರನ್ನು ಹರಾಜು ಕೂಗಿ ಕಾಗದದ ಮೇಲೆ ತಂಡ ಕಟ್ಟುತ್ತಾರೆ. ಆ ಆಟಗಾರರು ನಿಜವಾದ ಪಂದ್ಯದಲ್ಲಿ ಹೊಡೆದ ರನ್, ಕಿತ್ತ ವಿಕೆಟ್ ಮಾಲೀಕರ ಖಾತೆಗೆ ಅಂಕಗಳಾಗಿ ಬೀಳುತ್ತವೆ. ಇದರ ಬೇರು ಅಮೆರಿಕದ ಬೇಸ್‌ಬಾಲ್‌ನಲ್ಲಿದೆ. 1961ರಲ್ಲಿ ದಾಳ ಉರುಳಿಸಿ ಆಡುವ ಸ್ಟ್ರಾಟ್-ಒ-ಮ್ಯಾಟಿಕ್ ಎಂಬ ಆಟ ಬಂತು. 1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ನ್ಯೂಯಾರ್ಕಿನಲ್ಲಿ ಹರಾಜಿನ ಲೀಗ್ ಹುಟ್ಟುಹಾಕಿದರು. ಭಾರತದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನ ಕಾಯ್ದೆ ನಿಷೇಧಿಸಿದೆ. ಇಲ್ಲಿನ ಮಾತು ಕಾಸಿಲ್ಲದ ಆಟದ್ದು.

ಕರ್ನಾಟಕದ ಹಲವೆಡೆ ತಾಲ್ಲೂಕು ಮಟ್ಟದ ಟೆನಿಸ್ ಬಾಲ್ ಟೂರ್ನಿಗಳಲ್ಲೂ ಓನರ್‌ಗಳು ಪಾಯಿಂಟ್ ಲೆಕ್ಕದಲ್ಲಿ ಹುಡುಗರನ್ನು ಕೂಗುತ್ತಾರಾದ್ದರಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹೊಸ ರಸಿಕನಿಗೆ ಹರಾಜು ಅಪರಿಚಿತವೇನಲ್ಲ. ಅರ್ಥವಾಗಲು ಹೊತ್ತು ಹಿಡಿಯುವುದು ಅದಕ್ಕೂ ಮುಂಚಿನ, ಪಂದ್ಯಗಳಿಲ್ಲದ ತಿಂಗಳುಗಳ ಕೆಲಸ: ಹಿಂದಿನ ವರ್ಷದ ತಂಡದಲ್ಲಿ ಯಾರನ್ನು ಉಳಿಸಿಕೊಳ್ಳುವುದು, ಯಾರನ್ನು ಬಿಡುವುದು. ಈ ಆಟದ ನಿಜವಾದ ರುಚಿ ಇರುವುದೇ ಅಲ್ಲಿ.

ಮೊದಲು ನೋಡಬೇಕಾದದ್ದು ಬೆಲೆ. ಆಟಗಾರ ಒಳ್ಳೆಯವನೇ ಎಂಬ ಪ್ರಶ್ನೆಗೆ ಇಲ್ಲಿ ಅರ್ಧ ತೂಕ ಮಾತ್ರ. ಇಷ್ಟು ಕೊಟ್ಟು ಇಟ್ಟುಕೊಳ್ಳುವಷ್ಟು ಒಳ್ಳೆಯವನೇ ಎಂಬುದು ಪೂರ್ತಿ ಪ್ರಶ್ನೆ. ಚನ್ನಗಿರಿಯ ಬೆಳೆಗಾರ ರಾಶಿ ಅಡಿಕೆಯನ್ನು ಈ ವಾರವೇ ಮಾರುವುದೋ, ದರ ಏರಲೆಂದು ಮನೆಯಲ್ಲೇ ಇಡುವುದೋ ಎಂದು ತೂಗುವ ಲೆಕ್ಕವೇ ಇದು.

ಬೆಲೆ ಆಟಗಾರನ ಮೈಗೆ ಅಂಟಿಕೊಂಡಿರುವುದಿಲ್ಲ ಎಂಬುದಕ್ಕೆ ದಾವಣಗೆರೆಯ ಆರ್. ವಿನಯ್ ಕುಮಾರ್ ಅವರೇ ಸಾಕ್ಷಿ. ಆರ್‌ಸಿಬಿಯಿಂದ ಕೊಚ್ಚಿಗೆ ಹೋದ ಅವರನ್ನು 2012ರಲ್ಲಿ ಆರ್‌ಸಿಬಿಯೇ ಹತ್ತು ಲಕ್ಷ ಡಾಲರ್ ಸುರಿದು ಮರಳಿ ಕೊಂಡಿತು. ಮುಂದೆ ಕೋಲ್ಕತ್ತ, ಮುಂಬೈ ಸುತ್ತಿ 2018ರಲ್ಲಿ ಮತ್ತೆ ಕೋಲ್ಕತ್ತ ಸೇರುವಾಗ ಬೆಲೆ 1 ಕೋಟಿ ರೂಪಾಯಿ.

ಅಭ್ಯಾಸಕ್ಕೆ 2024ರ ಆರ್‌ಸಿಬಿಗಿಂತ ಒಳ್ಳೆಯ ಪಾಠವಿಲ್ಲ. ಪರ್ಸ್, ಅಂದರೆ ತಂಡ ಖರ್ಚು ಮಾಡಬಹುದಾದ ಹಣ, 120 ಕೋಟಿ. ಉಳಿಸಿಕೊಂಡದ್ದು ಮೂವರನ್ನು: ವಿರಾಟ್ ಕೊಹ್ಲಿಗೆ 21 ಕೋಟಿ, ರಜತ್ ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5. ಕೈಯಲ್ಲಿ 83 ಕೋಟಿ ಉಳಿಯಿತು. ಮೊಹಮ್ಮದ್ ಸಿರಾಜ್, ಗ್ಲೆನ್ ಮ್ಯಾಕ್ಸ್‌ವೆಲ್, ವಿಲ್ ಜಾಕ್ಸ್ ಹೊರಬಿದ್ದರು. ಜಿದ್ದಾದ ಹರಾಜಿನಲ್ಲಿ ಸಿರಾಜ್ 12.25 ಕೋಟಿಗೆ ಗುಜರಾತ್ ಪಾಲಾದರು. ಎದುರಾಳಿಯ ಕೊನೆಯ ಕೂಗನ್ನು ಸರಿಗಟ್ಟಿ ಮರಳಿ ಪಡೆಯುವ ಆರ್‌ಟಿಎಂ ಅವಕಾಶವಿದ್ದರೂ ಆರ್‌ಸಿಬಿ ಕೈ ಎತ್ತಲಿಲ್ಲ. ಜೋಶ್ ಹ್ಯಾಜಲ್‌ವುಡ್‌ಗೆ 12.5, ಭುವನೇಶ್ವರ್ ಕುಮಾರ್‌ಗೆ 10.75 ಕೋಟಿ ಸುರಿಯಿತು. ಕನ್ನಡಿಗರು ಆಸೆಪಟ್ಟ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿ ಸೇರಿದರು.

ಬಳಿಕ ಬಂದದ್ದು ಹೊಟ್ಟೆ ಉರಿಸುವ ಏಪ್ರಿಲ್. 2025ರ ಏಪ್ರಿಲ್ 2ರಂದು ಚಿನ್ನಸ್ವಾಮಿಯಲ್ಲೇ ಸಿರಾಜ್ 19 ರನ್‌ಗೆ 3 ವಿಕೆಟ್ ಕಿತ್ತರು. 10ರಂದು ಅದೇ ಅಂಗಳದಲ್ಲಿ ರಾಹುಲ್ ಅಜೇಯ 93 ಹೊಡೆದು, ಇದು ನನ್ನ ನೆಲ ಎಂಬಂತೆ ಬ್ಯಾಟಿನಿಂದ ವೃತ್ತ ಕೊರೆದರು. ಮಾಲೀಕರಿಗೆ ಬೈಗುಳದ ಮಳೆ. ಜೂನ್ 3ರಂದು ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಆರ್‌ಸಿಬಿ ಮೊದಲ ಬಾರಿ ಕಪ್ ಎತ್ತಿದಾಗ ಬೈದವರೇ ಹೊಗಳಿದರು. ಎರಡೂ ಅಳತೆ ತಪ್ಪು. ನಿರ್ಧಾರವನ್ನು ಅಳೆಯಬೇಕಾದದ್ದು ಅದನ್ನು ಮಾಡಿದ ದಿನ ಗೊತ್ತಿದ್ದ ಸಂಗತಿಗಳಿಂದ: ಒಬ್ಬ ವೇಗಿಯ ಬದಲು ಇಬ್ಬರು ಸಿಗುತ್ತಾರೆಯೇ, ಗಾಯದ ಇತಿಹಾಸವೇನು, ವಯಸ್ಸೆಷ್ಟು.

ವಿದೇಶಿ ಆಟಗಾರ ಜಾಕ್ಸ್ ವಿಚಾರ ಬೇರೆ. 25 ಮಂದಿಯ ತಂಡದಲ್ಲಿ ವಿದೇಶಿಯರಿಗೆ ಎಂಟೇ ಜಾಗ. ಆಡುವ ಹನ್ನೊಂದರಲ್ಲಿ ನಾಲ್ಕು. ಹಾಗಾಗಿ ವಿದೇಶಿ ಆಟಗಾರನನ್ನು ಉಳಿಸುವುದೆಂದರೆ ಹಣದ ಜೊತೆ ಜಾಗವನ್ನೂ ಖರ್ಚು ಮಾಡಿದಂತೆ. ಕಾಗದದ ತಂಡದಲ್ಲಿ ಎಡವುವವರು ಹೆಚ್ಚಾಗಿ ಇಲ್ಲೇ. ಹೊರಗೆ ಕೂರುವವನಿಗೆ ಅಂಕವೇ ಇಲ್ಲ, ಅವನೆಷ್ಟೇ ದೊಡ್ಡ ಹೆಸರಾಗಿರಲಿ.

ನಿಜವಾದ ಮಾಲೀಕ ಅಭಿಮಾನಿಗಳ ಪ್ರೀತಿಗೆ, ಟಿಕೆಟ್ಟಿಗೆ, ಜೆರ್ಸಿಗೆ, ನಾಯಕತ್ವಕ್ಕೂ ಹಣ ಕೊಡುತ್ತಾನೆ. ಕಾಗದದ ಮಾಲೀಕನಿಗೆ ಅವು ಯಾವುವೂ ದಕ್ಕುವುದಿಲ್ಲ. ಕೊಹ್ಲಿಗೆ ಕೊಟ್ಟ 21 ಕೋಟಿ ಆರ್‌ಸಿಬಿಗೆ ಸರಿ; ಗೆಳೆಯರ ಲೀಗಿನಲ್ಲಿ ಅಷ್ಟೇ ಕೊಡುವವನನ್ನು ಅಭಿಮಾನಿ ಎನ್ನಬಹುದು, ಜಾಣ ಎನ್ನುವುದು ಕಷ್ಟ.

ಕಡೆಯದಾಗಿ ಬೆಂಚು. ಜಿದ್ದಾ ಹರಾಜಿನ ಮೊದಲ ಸುತ್ತಿನಲ್ಲಿ ಯಾರೂ ಕೇಳದ ದೇವದತ್ತ ಪಡಿಕ್ಕಲ್ ಮೂಲಬೆಲೆ 2 ಕೋಟಿಗೆ ಆರ್‌ಸಿಬಿಗೆ ದಕ್ಕಿ ಮೂರನೇ ಕ್ರಮಾಂಕ ಹಿಡಿದರು. ಗಾಯಗೊಂಡು ಹೊರನಡೆದಾಗ ಅವರ ಜಾಗಕ್ಕೆ ಬಂದದ್ದು ಹರಾಜಿನಲ್ಲಿ ಬಿಕರಿಯಾಗದಿದ್ದ ಮಯಂಕ್ ಅಗರ್ವಾಲ್. ಮರುವರ್ಷಕ್ಕೆ ತಂಡ ಅಣಿಗೊಳಿಸುವವನು ಮಿಕ್ಕವರ ಪಟ್ಟಿಯನ್ನೂ ಗೆರೆ ಹಾಕಿಕೊಂಡು ಓದುವುದು ಇದಕ್ಕೇ.