ಗೊರಬು ಹಾಕ್ಕೊಳ್ಳಿ, ಪ್ಲಾಸ್ಟಿಕ್ ತೆಗೀರಿ

‘ಹಳ್ಳಿಯ ದಿನನಿತ್ಯ’ ಅಂತ ವಿಷಯ ಕೊಟ್ಟು, ವಾರಕ್ಕೊಂದು ಫೋಟೋ ಕಳಿಸಿ ಅಂದರೆ ಹೊರದೇಶದಲ್ಲಿರೋ ನಮ್ಮವರು ಏನು ಕಳಿಸ್ತಾರೆ? ನೋಡದೇ ಹೇಳಬಹುದು. ಒಲೆಯ ಹೊಗೆಯಲ್ಲಿ ಅರ್ಧ ಮುಖ ಕಾಣೋ ಅಜ್ಜಿ. ಸುಕ್ಕುಗಟ್ಟಿದ ಕೈ. ತುಳಸಿಕಟ್ಟೆ ಮೇಲೆ ಎಳೆ ಬಿಸಿಲು. ಹೆಂಚಿನಿಂದ ಇಳಿಯೋ ಮಳೆನೀರು. ನಮ್ಮ ಬಳಗದೊಳಗೆ ಒಂದು ವರ್ಷದಿಂದ ಇಂಥದ್ದೊಂದು ವಾರದ ಸವಾಲು ನಡೀತಾ ಇದೆ. ಬಂದಿದ್ದೆಲ್ಲ ಬಹುಪಾಲು ಮಲೆನಾಡು, ಕರಾವಳಿ, ಕೊಡಗಿನ ಚಿತ್ರಗಳು. ಹೋದ ಸಂಚಿಕೆಯಲ್ಲಿ ಇದರ ಬಗ್ಗೆ ಮಾತು ಶುರುವಾಗಿ ಸಮಯ ಸಾಲದೆ ನಿಂತಿತ್ತು. ಅದಕ್ಕೇ ಈ ಬರಹ.

ಚಿತ್ರಗಳು ಕೆಟ್ಟದಾಗಿವೆ ಅಂತಲ್ಲ. ಹೆಚ್ಚಿನವು ತುಂಬಾ ಚೆನ್ನಾಗಿವೆ, ನನ್ನ ತಕರಾರು ಅಲ್ಲಿಂದಲೇ ಶುರುವಾಗೋದು.

ಒಂದು ಚಿತ್ರವನ್ನೇ ತಗೊಳ್ಳಿ. ಗದ್ದೆಯಲ್ಲಿ ನಾಟಿ. ಮುಂದೆ ಒಬ್ಬ ಹೆಂಗಸು ಗೊರಬು ಹಾಕ್ಕೊಂಡು ಬಗ್ಗಿದ್ದಾಳೆ. ಗೊರಬು ಅಂದರೆ ಬಿದಿರು, ಒಣ ಎಲೆಯಿಂದ ಹೆಣೆದದ್ದು. ತಲೆಯಿಂದ ಸೊಂಟದವರೆಗೆ ಬೆನ್ನು ಮುಚ್ಚುತ್ತೆ, ಕೈ ಎರಡೂ ಕೆಲಸಕ್ಕೆ ಖಾಲಿ. ಸವಾಲಿನಲ್ಲಿ ಅತಿ ಹೆಚ್ಚು ಮೆಚ್ಚುಗೆ ಬಂದ ಚಿತ್ರ ಇದು. ಈಗ ಹಿಂದುಗಡೆ ನೋಡಿ. ಮಸುಕಾಗಿ ಇನ್ನೂ ಐದು ಜನ ಇದ್ದಾರೆ, ಐದೂ ಜನ ನೀಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿದ್ದಾರೆ. ಮುಂದಿರೋ ಗೊರಬಿಗೆ ಒಂದು ಹನಿ ಕೆಸರೂ ತಾಗಿಲ್ಲ. ಅಟ್ಟದಿಂದ ಅವತ್ತೇ ಇಳಿಸಿ ಕೊಟ್ಟ ಹಾಗಿದೆ. ಯಾರು ಯಾರಿಗೆ ಏನು ಹೇಳಿದರೋ ನಮಗೆ ಕೇಳಿಸಿಲ್ಲ, ಆದರೆ ಚಿತ್ರವೇ ಹೇಳ್ತಿದೆ. ಪ್ಲಾಸ್ಟಿಕ್ಕು ಹಗುರ, ಅಗ್ಗ, ಹರಿದರೆ ಗೊಬ್ಬರದ ಚೀಲದ್ದೇ ಇನ್ನೊಂದು ಮಾಡ್ಕೋಬಹುದು. ಆ ಐದು ಜನರ ದಿನನಿತ್ಯ ಅದು. ಫೋಟೋದ ಹೆಸರು ಮಾತ್ರ ‘ದಿನನಿತ್ಯ’.

ಈ ಚಂದದ ರೂಢಿಗೆ ಒಂದು ಇತಿಹಾಸ ಇದೆ. ಕರ್ನಾಟಕದಲ್ಲಿ ಹವ್ಯಾಸಿ ಛಾಯಾಗ್ರಹಣ ಗಟ್ಟಿಯಾಗಿ ಬೆಳೆದದ್ದು ಕ್ಲಬ್ಬುಗಳ ಮೂಲಕ, ಸಲಾನ್ ಅಂತ ಕರೆಯೋ ಸ್ಪರ್ಧೆಗಳ ಮೂಲಕ. 1971ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಸಾವಿರಾರು ಜನಕ್ಕೆ ಕ್ಯಾಮೆರಾ ಹಿಡಿಯೋದನ್ನ ಕಲಿಸಿವೆ. ಅದು ಸಣ್ಣ ಸಾಧನೆ ಅಲ್ಲ. ಆದರೆ ಸ್ಪರ್ಧೆ ಅಂದಮೇಲೆ ತೀರ್ಪುಗಾರರು ಒಂದು ಚಿತ್ರವನ್ನ ಕೆಲವೇ ಸೆಕೆಂಡು ನೋಡೋದು. ಅಷ್ಟರಲ್ಲಿ ಕಣ್ಣು ಹಿಡಿದು ನಿಲ್ಲಿಸೋದು ಯಾವುದು? ಧೂಳೆಬ್ಬಿಸೋ ಕುರಿಮಂದೆ, ಹಿಂದಿನಿಂದ ಬಿಸಿಲು, ಕಂಬಳಿ ಹೊದ್ದ ಕುರಿಗಾಹಿ. ಅವನ ಊರು, ಕುರಿ ಯಾರದ್ದು, ಅವತ್ತು ಎಲ್ಲಿ ಬೀಡುಬಿಟ್ಟಿದ್ದ, ಇದೆಲ್ಲ ಬೇಕಾಗಲ್ಲ. ಈಗಿನ ವಾರದ ಸವಾಲಿನಲ್ಲಿ ತೀರ್ಪುಗಾರರ ಜಾಗದಲ್ಲಿ ನಾವಿದ್ದೇವೆ, ಹೆಬ್ಬೆರಳಲ್ಲಿ ಸ್ಕ್ರೀನ್ ಸರಿಸ್ತಾ. ಲೆಕ್ಕ ಅದೇ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಇದಕ್ಕೆ ಒಳ್ಳೆ ಎದುರು ಉದಾಹರಣೆ. ನೀವಿನ್ನೂ ಅವರ ಚಿತ್ರ ನೋಡಿಲ್ಲದಿದ್ದರೆ ದಯವಿಟ್ಟು ಹುಡುಕಿ ನೋಡಿ. ಪತ್ರಿಕೆಗಳಿಗೆ ದುಡಿದವರು, ಸಿಡುಬು ನಿರ್ಮೂಲನೆಯ ಕೆಲಸವನ್ನ ವಿಶ್ವ ಆರೋಗ್ಯ ಸಂಸ್ಥೆಗಾಗಿ ದಾಖಲಿಸಿದವರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಅವರ ಚಿತ್ರಗಳ ಜನ ಏನೋ ಮಾಡ್ತಾ ಇರ್ತಾರೆ. ನಗ್ತಾರೆ, ಜಗಳ ಆಡ್ತಾರೆ, ಅಡ್ಡ ಬರ್ತಾರೆ. ‘ಗ್ರಾಮೀಣ ಭಾರತ’ದ ಗುರುತಾಗಿ ನಿಂತುಕೊಳ್ಳೋಕೆ ಅವರಿಗೆ ಪುರುಸೊತ್ತಿಲ್ಲ.

ಇನ್ನು ಬೆಳಕಿನ ವಿಷಯ. ಸವಾಲಿನ ವಾರವಾರದ ಪದಗಳನ್ನ ನೋಡಿ: ‘ಗೋಲ್ಡನ್ ಅವರ್’, ‘ಶರತ್ಕಾಲದ ಬಣ್ಣ’, ‘ಚಳಿಗಾಲದ ಬೆಳಕು’. ಇವೆಲ್ಲ ತಂಪು ದೇಶಗಳ ಪದ. ಲಂಡನ್ನಿನ ಜೂನ್ ಸಂಜೆ ಎಷ್ಟು ಹೊತ್ತು ಎಳೆಯುತ್ತೆ ಅಂತ ಅಲ್ಲಿರೋರಿಗೆ ಗೊತ್ತು. ತೀರ್ಥಹಳ್ಳಿಯಲ್ಲಿ ಸೂರ್ಯ ಹೆಚ್ಚುಕಮ್ಮಿ ನೇರ ಕೆಳಗಿಳೀತಾನೆ, ಹಾಲು ಕರೆದು ಒಳಗೆ ಬರೋಷ್ಟರಲ್ಲಿ ಕತ್ತಲು. ಮಧ್ಯಾಹ್ನ ಫೋಟೋ ತೆಗೀಬೇಡಿ ಅನ್ನೋ ನಿಯಮ ಇನ್ನೊಂದು. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ 24ರ ಹೊತ್ತಿಗೊಮ್ಮೆ, ಆಗಸ್ಟ್ 18ರ ಹೊತ್ತಿಗೊಮ್ಮೆ ಸೂರ್ಯ ನಡುನೆತ್ತಿಗೇ ಬಂದು ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರಲ್ಲ. ಉಷ್ಣವಲಯ ಅಂದರೆ ಇದೇ ಅಲ್ವಾ? ಆ ಕಣ್ಣು ಕುಕ್ಕೋ ಬಿಸಿಲನ್ನ ಬಿಟ್ಟು ತೆಗೆದ ಹಳ್ಳಿ ಯಾವ ಹಳ್ಳಿ?

ವಾರದ ಲೆಕ್ಕ ನನಗೆ ಇಷ್ಟ, ಅದನ್ನ ಬಿಡಬೇಡಿ. ಆದರೆ ಪದಗಳನ್ನ ಊರಿನ ಪಂಚಾಂಗದಿಂದಲೇ ತಗೊಳ್ಳಿ. ಇಲ್ಲೇ ಹುಟ್ಟಿ ಬೆಳೆದವರಿಗಾಗಿ ಹೇಳ್ತೀನಿ: ನಮ್ಮ ರೈತರು ಮಳೆಯನ್ನ ತಿಂಗಳಿಂದಲ್ಲ, ನಕ್ಷತ್ರದಿಂದ ಎಣಿಸ್ತಾರೆ. ವರ್ಷಕ್ಕೆ 27, ಒಂದೊಂದು ಹದಿಮೂರು ಹದಿನಾಲ್ಕು ದಿನ. ಜೂನ್ ಎರಡನೇ ವಾರಕ್ಕೆ ಮೃಗಶಿರ, ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಎರಡು ವಾರದ ಸವಾಲಿಗೆ ಒಂದು ಮಳೆ, ಸರಿಯಾಗಿ ಕೂರುತ್ತೆ. ‘ಆರಿದ್ರಾ’ ಅಂತ ವಿಷಯ ಕೊಟ್ಟರೆ ಮಳೆ ಬಂತೋ ಇಲ್ಲವೋ ಅಂತ ಊರಿಗೆ ಫೋನ್ ಮಾಡಿ ಕೇಳಲೇಬೇಕು!

ಹಾಗೆ ಮಾಡಿದರೆ ಇನ್ನೊಂದು ಕೊರತೆಯೂ ಬಯಲಾಗುತ್ತೆ. ನಾವು ಊರಿಗೆ ಹೋಗೋದು ಇಲ್ಲಿನ ಶಾಲೆಗೆ ರಜೆ ಬಿದ್ದಾಗ, ಒಂದೋ ಜುಲೈ-ಆಗಸ್ಟ್, ಇಲ್ಲಾ ಡಿಸೆಂಬರ್. ಸವಾಲಿಗೆ ಫೆಬ್ರುವರಿಯಿಂದ ಮೇವರೆಗೆ ಬಂದದ್ದೆಲ್ಲ ಹಳೇ ಫೋಟೋ. ಬಾವಿ ತಳ ಕಾಣೋ ತಿಂಗಳುಗಳು ನಮ್ಮ ಆಲ್ಬಮ್ಮಿನಲ್ಲೇ ಇಲ್ಲ. ಮಳೆ ಹಿಡಿಯೋ ಮುಂಚೆ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯೋದು, ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಬಟ್ಟೆಗೆಲ್ಲ ನೀಲಿಯಾಗಿ ಅಂಟೋದು, ಒಂದೂ ಇಲ್ಲ. ಮರ ಹತ್ತೋರು ಸಿಗದೆ ಹಲವು ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ, ಅದೂ ಇಲ್ಲ. ಎಲೆಚುಕ್ಕಿ ರೋಗಕ್ಕೆ ಸೋತ ತೋಟ? ಅದನ್ನ ಯಾರು ಕಳಿಸ್ತಾರೆ.

ಡಿಸೆಂಬರಿನ ಚಿತ್ರಗಳಲ್ಲಿ ಒಂದನ್ನ ನಾನು ಮೂರು ಸಲ ನೋಡಿದೆ. ರಾತ್ರಿ, ಬಲ್ಬಿನ ಕೆಳಗೆ ಹೆಂಗಸರು ಸಾಲಾಗಿ ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲೀತಿದ್ದಾರೆ. ಮೆಟ್ಟುಗತ್ತಿ ಅಂದರೆ ಮಣೆಗೆ ನೆಟ್ಟ ಕತ್ತಿ. ಕೂತು, ಎರಡೂ ಕೈಯಲ್ಲಿ ಕಾಯಿ ಹಿಡಿದು ಅದಕ್ಕೆ ಒತ್ತಬೇಕು. ಸುಲಿದಷ್ಟಕ್ಕೆ ಕೂಲಿ. ಬಲ್ಬಿನ ಹಳದಿ ಬೆಳಕು ಸೊಗಸಾಗೇನೂ ಇಲ್ಲ, ಒಬ್ಬಳ ಬೆರಳಿಗೆ ಬಟ್ಟೆ ಸುತ್ತಿದೆ. ನಿಜವಾಗಿ ಒಳ್ಳೆ ಚಿತ್ರ. ಅಡಿಬರಹ ಹೀಗಿದೆ: ‘ಅಜ್ಜಿ ಮತ್ತು ಕೆಲಸದವರು’. ಇಡೀ ವರ್ಷದ ಅಡಿಬರಹಗಳನ್ನ ಒಟ್ಟಿಗೆ ಓದಿ ನೋಡಿ. ಮನೆಯವರಿಗೆ ಅಜ್ಜ, ದೊಡ್ಡಪ್ಪ, ಚಿಕ್ಕಮ್ಮ ಅಂತ ಸಂಬಂಧ ಇದೆ, ಹಸುವಿಗೆ ಗೌರಿ ಅಂತ ಹೆಸರಿದೆ. ಮೂವತ್ತು ವರ್ಷ ಅದೇ ಅಂಗಳದಲ್ಲಿ ಸುಲಿದವರಿಗೆ ಹೆಸರಿಲ್ಲ. ತೆಗೆಯೋ ಮುಂಚೆ ಅವರನ್ನ ಕೇಳಿದರಾ, ತೆಗೆದ ಮೇಲೆ ತೋರಿಸಿದರಾ? ಅಂಗಳ ಯಾರದ್ದೋ ದಿನನಿತ್ಯವೂ ಅವರದ್ದೇ ಅನ್ನೋ ಹಾಗಿದೆ. ಮುಂದೆ ನಮ್ಮ ಮಕ್ಕಳಿಗೆ ಊರು ಅಂದರೆ ಈ ಆಲ್ಬಮ್ಮೇ ಆಗಬಹುದು. ಅದಕ್ಕೇ ನನಗೆ ಇದು ಬರೀ ಹವ್ಯಾಸದ ಮಾತಾಗಿ ಕಾಣಲ್ಲ.

2012ರಲ್ಲಿ ಐವರಿ ಕೋಸ್ಟಿಗೆ ವರದಿಗಾರಿಕೆಗೆ ಹೋದ ಪೀಟರ್ ಡಿಕ್ಯಾಂಪೋ, ಆಸ್ಟಿನ್ ಮೆರಿಲ್ ಅನ್ನೋ ಇಬ್ಬರು ಅಮೆರಿಕನ್ನರು ಯುದ್ಧ, ಬಡತನದ ಚಿತ್ರಗಳ ಪಕ್ಕದಲ್ಲೇ ಸಾಮಾನ್ಯ ಬದುಕನ್ನ ಫೋನಿನಲ್ಲಿ ತೆಗೆಯೋಕೆ ಶುರು ಮಾಡಿದರು. ಅದೇ ‘ಎವೆರಿಡೇ ಆಫ್ರಿಕಾ’. ಆದರೆ ಅದಕ್ಕೆ ತೂಕ ಬಂದದ್ದು ಆಯಾ ದೇಶಗಳ ಛಾಯಾಗ್ರಾಹಕರೇ ಒಳಗೆ ಬಂದ ಮೇಲೆ. ನಮ್ಮ ಸವಾಲಿನ ನಿಯಮ ‘ಹೊರದೇಶದಲ್ಲಿರೋ ಕನ್ನಡಿಗರಿಗೆ ಮಾತ್ರ’ ಅನ್ನುತ್ತೆ. ಯಾಕೆ? ಅಡಿಕೆ ಸುಲಿಯೋರ ಮಗಳ ಹತ್ತಿರವೂ ಫೋನಿದೆ, ಬಹುಶಃ ನಮ್ಮದಕ್ಕಿಂತ ಒಳ್ಳೆ ರೀಲ್ಸ್ ಮಾಡ್ತಾಳೆ.

ಹಾಗೆ ಬಾಗಿಲು ತೆಗೆದರೆ ಎಂಥದ್ದು ಬರಬಹುದು ಅನ್ನೋದಕ್ಕೆ ಒಂದು ಚಿತ್ರ ಆಗಲೇ ನಮ್ಮ ನಡುವೆ ಇದೆ, ನಲವತ್ತನೇ ವಾರದ್ದು. ಕಾಫಿ ತೋಟದ ಲೈನ್ ಮನೆ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕೆಲಸಗಾರರು ಬಹಳ. ಒಂದು ಸ್ವಿಚ್ ಬೋರ್ಡು, ಅದಕ್ಕೆ ಏಳೆಂಟು ಫೋನು ಚಾರ್ಜಿಗೆ ಹಾಕಿದೆ, ವೈರುಗಳು ಒಂದರ ಮೇಲೊಂದು. ಪಕ್ಕದಲ್ಲಿ ಒಬ್ಬ ಹುಡುಗ, ವೈರು ಬಿಚ್ಚದೆ ಗೋಡೆಗೆ ಒರಗಿ ಮನೆಯವರ ಹತ್ತಿರ ವಿಡಿಯೋ ಕಾಲಿನಲ್ಲಿ ಮಾತಾಡ್ತಿದ್ದಾನೆ. ಫೋಕಸ್ ಸ್ವಲ್ಪ ತಪ್ಪಿದೆ. ಆ ವಾರ ಅದಕ್ಕೆ ಬಂದ ಮೆಚ್ಚುಗೆ ನಾಲ್ಕು.