ಘಾಟಿಯ ತಿರುವಿನಲ್ಲಿ ಹಿಮಾಲಯನ್

ಹಿಮಾಲಯನ್ 450 ಬೈಕನ್ನು ನೆನೆದರೆ ಮನಸ್ಸಿಗೆ ಬರುವುದು ಲಡಾಖಿನ ಬೋಳು ಬೆಟ್ಟಗಳ ಚಿತ್ರ. ಹೆಸರೂ ಅತ್ತಲೇ ಬೆರಳು ತೋರಿಸುತ್ತದೆ. ಕರ್ನಾಟಕದಲ್ಲಿ ಈ ಗಾಡಿ ಕೊಂಡವರು ಆಯುಷ್ಯದಲ್ಲಿ ಒಮ್ಮೆಯೋ ಎರಡು ಸಲವೋ ಅಲ್ಲಿಗೆ ಹೋಗಿಯಾರು. ಉಳಿದ ದಿನಗಳಲ್ಲಿ ಅದು ಓಡುವುದು ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಶೃಂಗೇರಿ, ಹೊಸನಗರದ ರಸ್ತೆಗಳಲ್ಲಿ. ಇಲ್ಲವೇ ಬೆಂಗಳೂರಿನ ಸಿಗ್ನಲ್‌ಗಳ ನಡುವೆ. ಆದ್ದರಿಂದ ಈ ಬೈಕಿನ ಬೆಲೆ ಕಟ್ಟಲು ಖರ್ದುಂಗ್‌ಲಾ ಏರಬೇಕಾಗಿಲ್ಲ, ಆಗಸ್ಟ್ ತಿಂಗಳ ಮಲೆನಾಡು ಸಾಕು. ಆ ಪರೀಕ್ಷೆಯಲ್ಲಿ ಇದು ನಮ್ಮ ದೇಶದಲ್ಲಿ ತಯಾರಾದ ಬೈಕುಗಳ ಪೈಕಿ ಬಹಳ ಮೇಲಿನ ಸ್ಥಾನದಲ್ಲಿ ನಿಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಇಂಥ ಬೈಕುಗಳ ಸುತ್ತ ಬೆಳೆದಿರುವ ಸವಾರಿಯ ರೂಢಿಗಳ ಬಗ್ಗೆ ಮಾತ್ರ ಅಷ್ಟು ಒಳ್ಳೆಯ ಮಾತು ಹೇಳಲಾರೆ.

ಮೊದಲು ರಸ್ತೆಯ ವಿಷಯ. ಮಳೆಗಾಲದಲ್ಲಿ ಮಲೆನಾಡಿನ ಟಾರು ರಸ್ತೆ ಅಂಚಿನಿಂದ ಸಾಯುತ್ತದೆ. ಪಕ್ಕದ ಚರಂಡಿ ಮಣ್ಣು, ಎಲೆ ತುಂಬಿ ಮುಚ್ಚಿಕೊಂಡಾಗ ನೀರು ರಸ್ತೆಯ ಮೇಲೇ ಹರಿಯುತ್ತದೆ. ಟಾರಿನ ಅಂಚು ಕೊರೆದು ಅರ್ಧ ಅಡಿಯ ಮೆಟ್ಟಿಲು ಬೀಳುತ್ತದೆ. ಎದುರಿನಿಂದ ಬಸ್ಸು ಬಂದರೆ ಬೈಕಿನವರು ಆ ಮೆಟ್ಟಿಲು ಇಳಿದು, ಕೆಸರು ಜಲ್ಲಿಯಲ್ಲಿ ನಾಲ್ಕು ಮಾರು ಹೋಗಿ, ಮತ್ತೆ ಓರೆಯಾಗಿ ಟಾರಿನ ಮೇಲೆ ಹತ್ತಬೇಕು. ಸಣ್ಣ ಚಕ್ರದ ಗಾಡಿ ಅಂಚಿಗೆ ತಾಗಿ ಜಾರುವುದು ಇಲ್ಲಿಯೇ. ಮರದ ನೆರಳಿರುವ ತಿರುವುಗಳಲ್ಲಿ ಟಾರಿನ ಮೇಲೇ ಪಾಚಿ ಕಟ್ಟಿರುತ್ತದೆ. ಗುಂಡಿಯಲ್ಲಿ ನೀರು ನಿಂತಿದ್ದರೆ ಅದರ ಆಳ ಇಳಿದ ಮೇಲಷ್ಟೇ ಗೊತ್ತಾಗುತ್ತದೆ.

ಹಿಮಾಲಯನ್ 450ರ ರಚನೆಯೆಲ್ಲ ಈ ರಸ್ತೆಗೆ ಕೊಟ್ಟ ಉತ್ತರದಂತಿದೆ. ಮುಂದಿನ ಚಕ್ರ 21 ಇಂಚು. ಚಕ್ರ ದೊಡ್ಡದಾದಷ್ಟೂ ಗುಂಡಿಯ ಅಂಚಿಗೆ ಅದು ತಾಗುವ ಕೋನ ಸಣ್ಣದಾಗುತ್ತದೆ. ಗುದ್ದುವ ಬದಲು ಹತ್ತಿ ಇಳಿಯುತ್ತದೆ. ಮುಂದೆ ಶೋವಾ ಕಂಪನಿಯ 43 ಮಿ.ಮೀ. ದಪ್ಪದ ತಲೆಕೆಳಗಾದ ಫೋರ್ಕ್, ಹಿಂದೆ ಒಂಟಿ ಶಾಕ್ ಅಬ್ಸಾರ್ಬರ್. ಎರಡೂ ಕಡೆ ಚಕ್ರ 200 ಮಿ.ಮೀ.ವರೆಗೆ ಮೇಲೆ ಕೆಳಗೆ ಆಡಬಲ್ಲದು. ನೆಲದಿಂದ ಹೊಟ್ಟೆಯ ಎತ್ತರ 230 ಮಿ.ಮೀ. ಕಾಗದದ ಮೇಲೆ ಇವು ಬರೀ ಅಂಕಿಗಳು. ಕೊಟ್ಟಿಗೆಹಾರದಿಂದ ಕಳಸದವರೆಗೆ ಸೊಂಟ ಹಿಡಿದುಕೊಂಡು ಹೋಗುತ್ತಿದ್ದವರಿಗೆ ಈ ಅಂಕಿಗಳ ಅರ್ಥ ಮೊದಲ ಹತ್ತು ಕಿಲೋಮೀಟರಿನಲ್ಲೇ ಆಗುತ್ತದೆ. ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಮೊಣಕಾಲು ಸಡಿಲ ಬಿಟ್ಟು ಓಡಿಸಿದರೆ ಸವಾರನ ಕಾಲೂ ಸಸ್ಪೆನ್ಷನ್ನಿನ ಭಾಗವಾಗುತ್ತದೆ. ನಿಂತು ಓಡಿಸುವುದಕ್ಕೆ ಹ್ಯಾಂಡಲ್ಲಿನ ಎತ್ತರ, ಟ್ಯಾಂಕಿನ ಅಗಲ, ಫುಟ್‌ರೆಸ್ಟಿನ ಜಾಗ ಮೂರೂ ಒಪ್ಪಿಕೊಂಡಿರಬೇಕು. ಈ ಬೈಕಿನಲ್ಲಿ ಅವು ಒಪ್ಪಿಕೊಂಡಿವೆ. ವಿನ್ಯಾಸಗಾರರು ಕಚ್ಚಾ ರಸ್ತೆಯಲ್ಲಿ ಎಷ್ಟು ಹೊತ್ತು ಕಳೆದಿದ್ದಾರೆ ಎಂಬುದು ಇಂಥ ಕಡೆ ತಿಳಿಯುತ್ತದೆ.

ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ. ಇದೇ ರಸ್ತೆಗಳಲ್ಲಿ 100 ಸಿಸಿ ಬೈಕಿಗೆ ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು ದಿನಾ ಬೆಳಿಗ್ಗೆ ಡೇರಿಗೆ ಹೋಗುವವರಿದ್ದಾರೆ. ಹಿಂದಿನ ತಲೆಮಾರಿನ ತೋಟದವರು ಬುಲೆಟ್‌ನಲ್ಲಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಎಜ್ಡಿಯಲ್ಲಿ ಇವೇ ಘಾಟಿಗಳನ್ನು ಹತ್ತಿ ಇಳಿದರು. 1996ರಲ್ಲಿ ಆ ಕಾರ್ಖಾನೆ ಮುಚ್ಚುವವರೆಗೂ ಸಾಹಸದ ಬೈಕು ಅನ್ನುವ ಬೇರೆ ಜಾತಿ ನಮ್ಮಲ್ಲಿ ಇರಲಿಲ್ಲ. ಹಾಗಾದರೆ ಲಕ್ಷಗಟ್ಟಲೆ ಕೊಟ್ಟು ಪಡೆಯುವುದಾದರೂ ಏನು? ಹೋಗುವ ಊರುಗಳು ಅವೇ. ಬದಲಾಗುವುದು ಊರು ತಲುಪುವ ದೇಹದ ಸ್ಥಿತಿ. ಎಂಟು ಗಂಟೆ ಓಡಿಸಿದ ಮೇಲೂ ಬೆನ್ನು, ಮಣಿಕಟ್ಟು ಸುಸ್ಥಿತಿಯಲ್ಲಿದ್ದರೆ ಒಂಬತ್ತನೆಯ ಗಂಟೆಯಲ್ಲಿ ಎದುರು ಲಾರಿ ಬಂದಾಗ ಸವಾರನ ಬುದ್ಧಿ ಸರಿಯಾಗಿ ಕೆಲಸ ಮಾಡುತ್ತದೆ. ದಣಿವೇ ಅಪಘಾತದ ಅರ್ಧ ಕಾರಣವೆಂದು ನಂಬಿರುವ ನನಗೆ ಈ ಬೈಕಿನ ನಿಜವಾದ ಗುಣ ಇದೇ ಅನಿಸುತ್ತದೆ.

ಬ್ರೇಕಿನ ವಿಷಯದಲ್ಲೂ ಇಂಥದೇ ವಿವೇಕ ಕಾಣುತ್ತದೆ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್, ಅಂದರೆ ಬ್ರೇಕು ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಗಿದೆ. ಟಾರಿನ ಮೇಲೆ ಅದು ಜೀವ ಉಳಿಸುತ್ತದೆ. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಮಾತ್ರ ಚಕ್ರ ಜಾರಿದಾಗಲೆಲ್ಲ ಎಬಿಎಸ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವುದರಿಂದ ಗಾಡಿ ನಿಲ್ಲದೆ ಉರುಳುತ್ತಲೇ ಹೋಗುತ್ತದೆ. ಅಲ್ಲಿ ಹಿಂದಿನ ಚಕ್ರ ಕಚ್ಚಿ ನಿಂತು ಜಲ್ಲಿಯನ್ನು ತನ್ನ ಮುಂದೆ ಗುಡ್ಡೆ ಹಾಕಿಕೊಂಡರೇ ಹಿಡಿತ ಸಿಗುವುದು. ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡುವ ಸೌಲಭ್ಯ ಇಟ್ಟಿರುವುದು ಅದಕ್ಕೆ. ಮುಂದಿನದನ್ನು ಆಫ್ ಮಾಡಲು ಬಿಡದಿರುವುದೂ ಸರಿಯೇ.

ಎಂಜಿನ್ನಿನ ಬಗ್ಗೆ ನನ್ನ ಒಪ್ಪಿಗೆ ಪೂರ್ತಿಯಿಲ್ಲ. 2016ರಲ್ಲಿ ಬಂದ ಮೊದಲ ಹಿಮಾಲಯನ್‌ಗೆ 411 ಸಿಸಿ ಎಂಜಿನ್ ಇತ್ತು. ಸಿಲಿಂಡರಿನ ಅಗಲ 78 ಮಿ.ಮೀ., ಪಿಸ್ಟನ್ನಿನ ಓಟ 86 ಮಿ.ಮೀ. ಅಗಲಕ್ಕಿಂತ ಓಟ ಉದ್ದವಿದ್ದ ಆ ಎಂಜಿನ್ ಟ್ರ್ಯಾಕ್ಟರಿನಂತೆ ಕೆಳಗಿನ ವೇಗದಲ್ಲೇ ಎಳೆಯುತ್ತಿತ್ತು. ಶಕ್ತಿ ಸುಮಾರು 24 ಕುದುರೆಯಷ್ಟೇ. ಹೆದ್ದಾರಿಯಲ್ಲಿ ಲಾರಿ ದಾಟುವಾಗ ಉಸಿರು ಕಟ್ಟುತ್ತಿತ್ತು, ಆದರೆ ಘಾಟಿಯ ಹಿಮ್ಮುರಿ ತಿರುವಿನಲ್ಲಿ ಎರಡನೆಯ ಗೇರಿನಲ್ಲೇ ತಕರಾರಿಲ್ಲದೆ ಮೇಲೇಳುತ್ತಿತ್ತು. 2023ರ ನವೆಂಬರಿನಲ್ಲಿ ಬಂದ 450ರದ್ದು ಹೊಸ ಎಂಜಿನ್: 452 ಸಿಸಿ, ನೀರಿನಿಂದ ತಂಪಾಗುವುದು, ಆರು ಗೇರು, ನಿಮಿಷಕ್ಕೆ 8000 ಸುತ್ತಿನಲ್ಲಿ 40 ಕುದುರೆ ಶಕ್ತಿ. ಇದರ ಸಿಲಿಂಡರಿನ ಅಗಲ 84 ಮಿ.ಮೀ., ಪಿಸ್ಟನ್ನಿನ ಓಟ 81.5 ಮಿ.ಮೀ. ಸ್ವಭಾವವೇ ತಿರುಗಿದೆ. 4000 ಸುತ್ತು ದಾಟಿದ ಮೇಲೆ ಉಲ್ಲಾಸದಿಂದ ಓಡುತ್ತದೆ. ಹಳೆಯದು ಏದುಸಿರು ಬಿಡುತ್ತಿದ್ದ ಹೆದ್ದಾರಿ ವೇಗದಲ್ಲಿ ಇದು ನಿರಾಳವಾಗಿರುತ್ತದೆ. ಆಗುಂಬೆಯ ತಿರುವಿನಲ್ಲಿ ಮುಂದೊಂದು ಬಸ್ಸು ತೆವಳುತ್ತಿದ್ದರೆ ಮಾತ್ರ ಮೊದಲ ಗೇರಿಗೆ ಇಳಿಯಬೇಕು, ಇಲ್ಲವೇ ಕ್ಲಚ್ಚನ್ನು ಅರ್ಧ ಹಿಡಿದು ಸಂಭಾಳಿಸಬೇಕು. ಹೆದ್ದಾರಿಗೆ ಸಿಕ್ಕ ಲಾಭಕ್ಕೆ ಘಾಟಿ ಸ್ವಲ್ಪ ಬೆಲೆ ತೆತ್ತಿದೆ. ಹಳೆಯ ಬೈಕನ್ನು ಮಾರಲು ಮನಸ್ಸಾಗದೆ ಇಟ್ಟುಕೊಂಡಿರುವ ಮಲೆನಾಡಿನ ಸವಾರರ ವಾದ ನನಗೆ ಅರ್ಥವಾಗುತ್ತದೆ.

ಇದಕ್ಕಿಂತ ದೊಡ್ಡ ತಕರಾರು ತೂಕದ್ದು. ಪೆಟ್ರೋಲ್ ತುಂಬಿದ ಈ ಗಾಡಿ 196 ಕಿಲೋ ತೂಗುತ್ತದೆ. ದೊಡ್ಡ ಸಾಹಸ ಬೈಕುಗಳ ಮೂಲಪುರುಷ ಎನ್ನಬಹುದಾದ ಬಿಎಂಡಬ್ಲ್ಯೂ ಆರ್80 ಜಿ/ಎಸ್ 1980ರಲ್ಲಿ ಬಂದಾಗ ಅದರ ಎಂಜಿನ್ 800 ಸಿಸಿಯ ಹತ್ತಿರವಿತ್ತು, ತೂಕ 186 ಕಿಲೋ ಆಸುಪಾಸು. ಮರುವರ್ಷವೇ ಅದೇ ಮೂಲದ ಬೈಕಿನಲ್ಲಿ ಹ್ಯೂಬರ್ಟ್ ಓರಿಯೋಲ್ ಪ್ಯಾರಿಸ್–ಡಾಕರ್ ರ‍್ಯಾಲಿ ಗೆದ್ದರು. ಅದರ ಅರ್ಧಕ್ಕಿಂತ ತುಸು ಹೆಚ್ಚಿನ ಎಂಜಿನ್ ಇರುವ ಬೈಕು ಅದಕ್ಕಿಂತ ಭಾರವಾಗಿರುವುದನ್ನು ಮಾಲಿನ್ಯ ನಿಯಮ, ಎಬಿಎಸ್, ರೇಡಿಯೇಟರುಗಳ ಲೆಕ್ಕ ಕೊಟ್ಟು ಅಷ್ಟಿಷ್ಟು ಸಮರ್ಥಿಸಬಹುದು. ಕೆಸರಿನಲ್ಲಿ ಮಗುಚಿದ ಗಾಡಿಯನ್ನು ಒಬ್ಬರೇ ಎತ್ತುವಾಗ ಆ ಸಮರ್ಥನೆ ಕೈಹಿಡಿಯುವುದಿಲ್ಲ. ಎತ್ತುವುದಕ್ಕೊಂದು ಕ್ರಮವಿದೆ: ಗಾಡಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಹ್ಯಾಂಡಲ್ಲನ್ನು ಒಂದು ಕೈಯಲ್ಲಿ, ಹಿಂದಿನ ಚೌಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದು, ಕಾಲಿನ ಬಲದಿಂದ ಹಿಂದಕ್ಕೆ ನಡೆಯುತ್ತಾ ಎಬ್ಬಿಸಬೇಕು. ಸೊಂಟ ಬಗ್ಗಿಸಿ ಎತ್ತಲು ಹೋದವರು ಸವಾರಿಯನ್ನು ಅಲ್ಲಿಗೇ ಮುಗಿಸುತ್ತಾರೆ. ಸೀಟಿನ ಎತ್ತರ 825 ಮಿ.ಮೀ. ಸರಾಸರಿ ಎತ್ತರದ ಕನ್ನಡಿಗರಿಗೆ ಸಮತಟ್ಟು ನೆಲದಲ್ಲಿ ಪಾದದ ಮುಂಭಾಗ ತಾಗುತ್ತದೆ. ಇಳಿಜಾರಿನಲ್ಲಿ ಗಾಡಿ ತಿರುಗಿಸುವಾಗ ಒಂದು ಕಡೆ ಏನೂ ತಾಗುವುದಿಲ್ಲ. ಹಲವು ಹೆಂಗಸರನ್ನೂ ಎತ್ತರ ಕಡಿಮೆಯಿರುವ ಗಂಡಸರನ್ನೂ ಈ ವರ್ಗದ ಬೈಕುಗಳು ಹೊರಗೇ ನಿಲ್ಲಿಸಿವೆ. ಕೆಸರು, ಕಲ್ಲಿನ ದಾರಿಯೇ ಮುಖ್ಯವಾದವರು 160 ಕಿಲೋ ಆಸುಪಾಸಿನ ಹೀರೋ ಎಕ್ಸ್‌ಪಲ್ಸ್ 200ರ ಕಡೆ ನೋಡುವುದು ಜಾಣತನ. ಹೆದ್ದಾರಿಯಲ್ಲಿ ಅದರ ಎಂಜಿನ್ ಸೋಲುತ್ತದೆ, ನಿಜ, ಬಿದ್ದಾಗ ಎತ್ತಬಹುದು.

ಟ್ಯೂಬಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. 450 ಬಂದಾಗ ಅದರ ಕಡ್ಡಿ ಚಕ್ರಗಳಿಗೆ ಟ್ಯೂಬು ಇತ್ತು. ಟ್ಯೂಬ್‌ಲೆಸ್ ಟಯರಿಗೆ ಮೊಳೆ ಹೊಕ್ಕರೆ ರಬ್ಬರಿನ ಎಳೆ ತುರುಕಿ, ಗಾಳಿ ಹಾಕಿ ಕಾಲು ಗಂಟೆಯಲ್ಲಿ ಹೊರಡಬಹುದು. ಟ್ಯೂಬಾದರೆ ಚಕ್ರ ಬಿಚ್ಚಬೇಕು, ಟಯರನ್ನು ರಿಮ್ಮಿನಿಂದ ಎಬ್ಬಿಸಬೇಕು, ತೇಪೆ ಹಾಕಬೇಕು. ಮಳೆ ಸುರಿಯುವ ಚಾರ್ಮಾಡಿಯಲ್ಲಿ ಕತ್ತಲಾಗುವ ಹೊತ್ತಿಗೆ ಇದನ್ನು ಮಾಡುವುದು ಎಂಥದೆಂದು ಮಾಡಿದವರಿಗೇ ಗೊತ್ತು. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ 21 ಇಂಚಿನ ಟ್ಯೂಬು ಸಿಗುವ ನೆಚ್ಚಿಕೆಯೂ ಇಲ್ಲ. 2024ರಲ್ಲಿ ಟ್ಯೂಬ್‌ಲೆಸ್ ಕಡ್ಡಿ ಚಕ್ರಗಳ ಆಯ್ಕೆ ಬಂತು. ದೂರದ ದಾರಿಗೆಂದೇ ಮಾಡಿದ ಬೈಕಿಗೆ ಮೊದಲ ದಿನವೇ ಇರಬೇಕಾಗಿದ್ದ ಭಾಗ ಅದು.

ಖರ್ಚಿನ ಬಗ್ಗೆ ಎರಡು ಮಾತು. ಬಿಡುಗಡೆಯ ಹೊತ್ತಿಗೆ ಶೋರೂಮ್ ಬೆಲೆ 2.69 ಲಕ್ಷ ರೂಪಾಯಿಯಿಂದ ಆರಂಭವಾಗಿತ್ತು. ಅದರ ಮೇಲೆ ಕರ್ನಾಟಕದ ಆಜೀವ ತೆರಿಗೆ, ವಿಮೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 350 ಸಿಸಿಯವರೆಗೆ ಶೇ 18ಕ್ಕೆ ಇಳಿದು, ಅದರ ಮೇಲಿನವಕ್ಕೆ ಶೇ 40ಕ್ಕೆ ಏರಿತು. ದೇಶದೊಳಗೇ ತಯಾರಾಗುವ, ಕೆಟ್ಟ ರಸ್ತೆಗೆ ತಕ್ಕ ವಾಹನವನ್ನು ಐಷಾರಾಮದ ಸಾಲಿಗೆ ಸೇರಿಸಿದ್ದು ಸರಿಯೆಂದು ನನಗೆ ತೋರುವುದಿಲ್ಲ. ಇಷ್ಟು ತೆತ್ತರೂ ಎಲ್ಲ ರಸ್ತೆಗಳು ತೆರೆದಿಲ್ಲ: ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. 40 ಕುದುರೆ ಶಕ್ತಿಯ ಬೈಕೂ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಇನ್ನು ರೂಢಿಗಳು. ಗಾಡಿ ಮನೆಗೆ ಬಂದ ವಾರದಲ್ಲೇ ಅದರ ಮೇಲೆ ಕಬ್ಬಿಣ ಏರತೊಡಗುತ್ತದೆ: ಕ್ರ್ಯಾಶ್ ಗಾರ್ಡು, ಎರಡೂ ಬದಿಗೆ ಲೋಹದ ಪೆಟ್ಟಿಗೆ, ಅದಕ್ಕೊಂದು ಚೌಕಟ್ಟು, ಮೇಲೊಂದು ಡಬ್ಬ. ಮೊದಲೇ ಭಾರವಾಗಿರುವ ಬೈಕು ಇನ್ನೂರು ಕಿಲೋ ದಾಟಿ ಎಲ್ಲಿಗೋ ಹೋಗುತ್ತದೆ. ಆ ತೂಕವೆಲ್ಲ ಎತ್ತರದಲ್ಲಿ, ಹಿಂಬದಿಯಲ್ಲಿ ಕೂರುವುದರಿಂದ ಮುಂದಿನ ಚಕ್ರ ಹಗುರಾಗಿ ಸಸ್ಪೆನ್ಷನ್ನಿನ ಲೆಕ್ಕಾಚಾರವೇ ಕೆಡುತ್ತದೆ. ಎದುರಿನವರ ಕಣ್ಣು ಕುರುಡಾಗಿಸುವ ಹೆಚ್ಚುವರಿ ದೀಪಗಳನ್ನು ಮುಖಕ್ಕೆ ನೇರವಾಗಿ ಹಿಡಿದು ಘಾಟಿ ಇಳಿಯುವುದು ಅಪರಾಧಕ್ಕೆ ಸಮ. ಈ ಸಾಮಾನುಗಳಿಗೆ ಸುರಿಯುವ ಹಣದ ಒಂದು ಪಾಲನ್ನು ತರಬೇತಿಗೆ ಇಟ್ಟರೆ ಎಷ್ಟು ಚೆನ್ನ! ಡಾಕರ್ ಓಡಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ನಮ್ಮ ಬೆಂಗಳೂರಿನವರು. ಕೋಲಾರದ ಬಳಿ ಅವರು ಕಟ್ಟಿದ ಬಿಗ್ ರಾಕ್ ಡರ್ಟ್‌ಪಾರ್ಕ್‌ನಲ್ಲಿ ಮಣ್ಣಿನ ಸವಾರಿ ಕಲಿಸುತ್ತಾರೆ. 2019ರಲ್ಲಿ ಬಾಹಾ ರ‍್ಯಾಲಿ ವಿಶ್ವಕಪ್ಪಿನ ಮಹಿಳಾ ಪ್ರಶಸ್ತಿ ಗೆದ್ದ ಐಶ್ವರ್ಯಾ ಪಿಸೆ ಕೂಡ ಬೆಂಗಳೂರಿನವರೇ. ಇಂಥವರಿರುವ ನಾಡಿನಲ್ಲಿ ಹೊಸ ಸವಾರರು ಜಲ್ಲಿಯ ಮೇಲೆ ಬ್ರೇಕು ಹಿಡಿಯುವುದನ್ನು ವಿಡಿಯೊ ನೋಡಿಯೇ ಕಲಿಯಬೇಕಾಗಿಲ್ಲ.

ನನ್ನನ್ನು ಎಲ್ಲಕ್ಕಿಂತ ಕಾಡುವುದು ಹುಲ್ಲುಗಾವಲಿನ ಗಾಯ. ಚಿಕ್ಕಮಗಳೂರು, ಕುದುರೆಮುಖದ ನೆತ್ತಿಗಳಲ್ಲಿ ಶೋಲಾ ಕಾಡಿನ ಸುತ್ತ ಹಾಸಿರುವ ಹುಲ್ಲು ಮಳೆಯ ನೀರನ್ನು ಹಿಡಿದಿಟ್ಟು ವರ್ಷವಿಡೀ ಒಸರುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಅಲ್ಲಿಯದೇ. ಇಳಿಜಾರಿನ ಹುಲ್ಲಿನ ಮೇಲೆ ಗಂಟು ಟಯರು ಒಮ್ಮೆ ಹರಿದರೆ ಬೇರು ಕಿತ್ತು ಮಣ್ಣು ತೆರೆದುಕೊಳ್ಳುತ್ತದೆ. ಆ ಗೆರೆಯಲ್ಲೇ ಮಳೆ ನೀರು ಇಳಿದು ಕೊರಕಲು ಬೀಳುತ್ತದೆ. ಕೊರಕಲು ಮುಂದಿನ ಮಳೆಗಾಲಕ್ಕೆ ಕಾಲುವೆಯಾಗುತ್ತದೆ. ಒಬ್ಬರ ಹಾದಿಯನ್ನು ಹಿಡಿದು ಇಪ್ಪತ್ತು ಬೈಕು ಬಂದರೆ ಗುಡ್ಡದ ಒಂದು ಪಕ್ಕವೇ ಕುಸಿಯಬಹುದು. ಕಾಡಿನೊಳಗೆ ಅನುಮತಿಯಿಲ್ಲದೆ ನುಗ್ಗುವುದು ಕಾನೂನಿಗೆ ವಿರುದ್ಧ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಂತಿರುವುದೂ ಪ್ರಾಣಿಗಳ ಜೀವ ಉಳಿಸುವುದಕ್ಕೇ. ಕೆಟ್ಟ ರಸ್ತೆಯಲ್ಲಿ ಓಡುವ ಸಾಮರ್ಥ್ಯ ಬೇರೆ, ರಸ್ತೆಯಿಲ್ಲದ ಕಡೆ ನುಗ್ಗುವ ಪರವಾನಗಿ ಬೇರೆ. ಎರಡನ್ನೂ ಒಂದೇ ಎಂಬಂತೆ ತೋರಿಸುವ ವಿಡಿಯೊಗಳು ಗುಡ್ಡಕ್ಕೆ ಮಾಡುತ್ತಿರುವ ಹಾನಿ ದೊಡ್ಡದು.

ಒಟ್ಟಿನಲ್ಲಿ ಹಿಮಾಲಯನ್ 450 ತೂಕದಲ್ಲಿ ಸೋತರೂ ಸಸ್ಪೆನ್ಷನ್ನಿನಲ್ಲಿ, ಚೌಕಟ್ಟಿನಲ್ಲಿ ಗೆದ್ದ ಬೈಕು. 17 ಲೀಟರಿನ ಟ್ಯಾಂಕು ತುಂಬಿಸಿದರೆ ಬೆಂಗಳೂರಿನಿಂದ ಕಳಸಕ್ಕೆ ಹೋಗಿ, ಸುತ್ತಮುತ್ತ ಓಡಾಡುವಷ್ಟು ಪೆಟ್ರೋಲ್ ಉಳಿದಿರುತ್ತದೆ. ಕೊಳ್ಳುವ ಮನಸ್ಸಿರುವವರು ಶೋರೂಮ್ ಮುಂದಿನ ನುಣುಪು ರಸ್ತೆಯಲ್ಲಿ ಓಡಿಸಿ ತೀರ್ಮಾನಿಸಬೇಡಿ. ಕಿತ್ತುಹೋದ ಏರುರಸ್ತೆಯೊಂದನ್ನು ಹುಡುಕಿ, ಹಿಂದೆ ಕೂರುವವರನ್ನೂ ಕೂರಿಸಿಕೊಂಡು ಹತ್ತಿಸಿ ನೋಡಿ. ಟ್ಯೂಬ್‌ಲೆಸ್ ಚಕ್ರವನ್ನೇ ಕೇಳಿ ಪಡೆಯಿರಿ. ಗುಡ್ಡದ ಮೇಲೆ ರಸ್ತೆ ಮುಗಿದಲ್ಲಿ ಗಾಡಿ ನಿಲ್ಲಿಸಿ, ಮುಂದಿನ ದಾರಿಯನ್ನು ನಡೆದೇ ಹೋಗಿ.