ಮರಳಿ ಬರುವುದು ಅದೇ ಬಾಲವೇ?

ಹಾನಗಲ್ಲಿನಲ್ಲಾಗಲಿ ಸವಣೂರಿನಲ್ಲಾಗಲಿ, ಹಂಚಿನ ಮನೆಯ ತೊಲೆಯ ಮೇಲೆ ಹಲ್ಲಿ ಬಾಲ ಕಳಚಿ ಓಡಿದರೆ ನೋಡಿದವರ ಮಾತು ಒಂದೇ: ‘ಬಿಡು, ಮತ್ತ ಬರತೈತಿ.’ ಬರುತ್ತದೆ, ನಿಜ. ಹೋದದ್ದೇ ಮರಳಿ ಬರುತ್ತದೆ ಎಂಬುದನ್ನು ಮಾತ್ರ ನಾನು ಒಪ್ಪಲಾರೆ.

ಹಳೆಯ ಬಾಲದಲ್ಲಿ ಬೆನ್ನೆಲುಬಿನ ಮಣಿಗಳು ಸಾಲಾಗಿದ್ದವು. ಹೊಸದರಲ್ಲಿ ಇರುವುದು ಉದ್ದಕ್ಕೂ ಮೃದ್ವಸ್ಥಿಯ ಒಂದೇ ಕೊಳವೆ. ಅದರೊಳಗೆ ಬೆನ್ನುಹುರಿಯ ಒಳಪದರದ ಕೋಶಗಳು ಸಣ್ಣ ನಾಳ ಕಟ್ಟಿಕೊಂಡು ಬೆಳೆಯುತ್ತವೆ. ಮೇಲಿನಿಂದ ಇಳಿದ ಕೆಲವು ನರತಂತುಗಳು ಅದರ ಜೊತೆಗೇ ಸಾಗುತ್ತವೆ. ಬಾಲ ಕಳಚಲು ಅನುವಾಗುವ ಸೀಳು ಇರುವುದು ಮಣಿಗಳಲ್ಲಿ. ಹಾಗಾಗಿ ಮುಂದಿನ ಸಲ ಹಲ್ಲಿ ಇನ್ನೂ ಮೇಲೆ, ಹಳೆಯ ಮೋಟಿನಲ್ಲೇ ಮುರಿದುಕೊಳ್ಳಬೇಕು. (ಬೇಲಿಯ ಮೇಲಿನ ಓತಿಕ್ಯಾತಕ್ಕಂತೂ ಬಾಲ ಕಳಚಿ ಬೆಳೆಸುವ ಈ ವಿದ್ಯೆ ಇಲ್ಲ.)

ಹೊಸ ಬಾಲದಲ್ಲಿ ನರಗಂಟುಗಳು ಹುಟ್ಟುವುದಿಲ್ಲ. ಇಡೀ ಬಾಲಕ್ಕೆ ನರ ಒದಗಿಸುವ ಹೊಣೆ ಮೋಟಿನಲ್ಲಿ ಉಳಿದ ಕೊನೆಯ ಮೂರು ಜೋಡಿ ನರಗಳ ಮೇಲೆ ಬೀಳುತ್ತದೆ. ನಾಲ್ಕು ಎಕರೆ ಕಮತದ ಮನೆಗೆ ಹತ್ತು ಎಕರೆ ಬಿದ್ದ ಹಾಗೆ. ಆ ನರಗಳ ಗಂಟುಗಳಲ್ಲಿರುವ ನರಕೋಶಗಳು ಹಿಗ್ಗುತ್ತವೆ. 1960ರ ದಶಕದಲ್ಲಿ ಇಟಲಿಯ ಎನ್ನಿಯೊ ಪನ್ನೇಸೆ ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಭ್ಯಾಸ ಮಾಡಿದರು. ನರಕೋಶ ದೊಡ್ಡದಾಗುತ್ತದೆ, ಎರಡಾಗುವುದಿಲ್ಲ. ಎರಡಾಗುವವು ಅದನ್ನು ಸುತ್ತುವರಿದ ಆಸರೆ ಕೋಶಗಳು. ಹಿಗ್ಗಿದ ಮೈಗೆ ಹೊದಿಕೆ ಸಾಲಬೇಕಲ್ಲ! 1856ರಲ್ಲಿ ರುಡಾಲ್ಫ್ ವಿರ್ಖೋ ಇಂಥ ಕೋಶಗಳಿಗೆ ‘ಅಂಟು’ ಎಂಬರ್ಥದ ಹೆಸರಿಟ್ಟ. ಅವು ಬರೀ ಗಾರೆ ಎಂಬ ತಾತ್ಸಾರ ಆ ಹೆಸರಿನ ಜೊತೆಗೇ ಬಹುಕಾಲ ಬಾಳಿತು.

ನಮ್ಮ ಮೈಯಲ್ಲೂ ಆ ತಾತ್ಸಾರ ಸುಳ್ಳಾಗುತ್ತದೆ. ಹಿರೇಕೆರೂರಿನ ಗೋವಿನಜೋಳದ ಹೊಲದಲ್ಲಿ ಕುಡಗೋಲು ತಾಗಿ ಬೆರಳಿನ ನರ ತುಂಡಾದರೆ, ತುದಿ ಕೂಡಿಸಿ ಹೊಲಿದ ಮೇಲೆ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಅದು ಬೆಳೆಯಬಲ್ಲದು. ದಾರಿ ಹಾಕಿಕೊಡುವವು ಶ್ವಾನ್ ಕೋಶಗಳೆಂಬ ಆಸರೆ ಕೋಶಗಳು. ಬೆನ್ನುಹುರಿಯಲ್ಲಿ ಕತೆ ತಿರುವುಮುರುವು: ಗಾಯದ ಸುತ್ತ ಅಲ್ಲಿನ ಆಸರೆ ಕೋಶಗಳು ಕಲೆಗಟ್ಟುತ್ತವೆ, ನರದ ಕೊಬ್ಬಿನ ಹೊದಿಕೆಯೂ ತಂತುವನ್ನು ತಡೆಯುತ್ತದೆ.

ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದವನ ಮುಂದೆ ಕೂತು ‘ಹಲ್ಲಿಗೇ ಬರತೈತಿ, ನಿನಗ್ಯಾಕ ಬರೂದಿಲ್ಲ?’ ಎನ್ನುವವರ ಮೇಲೆ ನನಗೆ ಸಿಟ್ಟಿದೆ. ಆ ಮಾತು ನಂಬಿ ಎಣ್ಣೆ, ಬೇರು ಎಂದು ದುಡ್ಡು ಸುರಿಯುವ ಮನೆ ಇವತ್ತು ನೋಡಬೇಕಾದದ್ದು ಬೇರೆ: ಎರಡು ತಾಸಿಗೊಮ್ಮೆ ಅವನ ಮಗ್ಗುಲು ಬದಲಿಸಿ, ಹಾಸಿಗೆ ಹುಣ್ಣಾಗದಂತೆ ಕಾಯುವ ಪಾಳಿ ಯಾರ್ಯಾರದು?